ಇನ್‌ಸ್ಟಾಲ್ ಆಯ್ತು, ಆದ್ರೆ ಓಡ್ತಾ ಇಲ್ಲ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರೋಗ್ರಾಮಿಂಗ್ ಬಗ್ಗೆ ಈ ತಿಂಗಳು ಬಂದಿರೋ ಪತ್ರಗಳನ್ನ ಒಂದು ಕಡೆಯಿಂದ ಓದ್ತಾ ಹೋದೆ. ಲೂಪ್ ಹೇಗೆ ಬರೀಬೇಕು, ಫಂಕ್ಷನ್ ಅಂದ್ರೇನು ಅಂತ ಕೇಳಿರೋರು ತುಂಬಾ ಕಮ್ಮಿ, ಮಿಕ್ಕವರೆಲ್ಲ ಕೇಳಿರೋದು ಒಂದೇ ಮಾತು, ಪುಸ್ತಕದಲ್ಲಿ ಇದ್ದ ಹಾಗೇ ಹೊಡ್ದಿದೀನಿ ಆದ್ರೂ ಓಡ್ತಾನೇ ಇಲ್ಲ ಅಂತ. ಅದರಲ್ಲಿ ಕೆಲವರು ಕೊನೇಲಿ "ಇದೆಲ್ಲ ನನ್ನ ತಲೆಗೆ ಹತ್ತಲ್ಲ ಅನ್ಸುತ್ತೆ" ಅಂತ ಒಂದು ಸಾಲು ಸೇರಿಸಿದಾರೆ, ಅದನ್ನ ಓದಿ ನಿಜವಾಗ್ಲೂ ಬೇಜಾರಾಯ್ತು. ಭಾಷೆ ಕಲಿಯೋದು ಬೇರೆ, ಆ ಭಾಷೇನ ನಮ್ಮ ಕಂಪ್ಯೂಟರಲ್ಲಿ ಕೂರಿಸಿ ಓಡಿಸೋದು ಬೇರೆ. ಮೊದಲನೇದಕ್ಕೆ ಸಿಲಬಸ್ ಇದೆ, ಎರಡನೇದನ್ನ ಯಾರೂ ಪಕ್ಕದಲ್ಲಿ ಕೂತು ಹೇಳಿಕೊಡಲ್ಲ, ಲ್ಯಾಬಲ್ಲಿ ಎಲ್ಲ ಮೊದಲೇ ಹಾಕಿಟ್ಟಿರ್ತಾರೆ, ಮನೆಗೆ ಬಂದ್ಮೇಲೆ ಒಬ್ಬೊಬ್ಬರೇ ಒದ್ದಾಡ್ಬೇಕು. ಹಾಗಾಗಿ ಈ ಸಲ ಪೂರ್ತಿ ಜಾಗ ಇದಕ್ಕೇ.

ಒಂದು ಸೂಚನೆ. ಕಮಾಂಡ್‌ಗಳನ್ನ ಇಲ್ಲಿ ಕನ್ನಡ ಅಕ್ಷರದಲ್ಲೇ ಬರ್ದಿದೀನಿ, ನೀವು ಕೀಬೋರ್ಡಲ್ಲಿ ಹೊಡೆಯುವಾಗ ಇಂಗ್ಲಿಷಿನ ಸಣ್ಣಕ್ಷರದಲ್ಲೇ ಹೊಡೀಬೇಕು.

ಪ್ರಶ್ನೆ: ಮೇಡಂ, ನಾನು ಬಿಕಾಂ ಮುಗ್ಸಿ ಪೈಥಾನ್ ಕಲೀಬೇಕು ಅಂತ ಶುರು ಮಾಡಿದೀನಿ. ಇನ್‌ಸ್ಟಾಲ್ ಮಾಡಿದೆ, ಸಕ್ಸೆಸ್‌ಫುಲ್ ಅಂತಾನೂ ಬಂತು. ಆದ್ರೆ ಕಪ್ಪು ವಿಂಡೋಲಿ (ಕಮಾಂಡ್ ಪ್ರಾಂಪ್ಟ್) ಪೈಥಾನ್ ಅಂತ ಹೊಡೆದ್ರೆ ಮೈಕ್ರೋಸಾಫ್ಟ್ ಸ್ಟೋರ್ ತೆರ್ಕೊಳುತ್ತೆ. ಮೂರು ಸಲ ತೆಗೆದು ಹಾಕಿದೆ, ಅದೇ ಕಥೆ. (ತಿಪಟೂರಿನ ಓದುಗರು)

ನಿಮ್ಮ ಪೈಥಾನ್ ಸರಿಯಾಗೇ ಕೂತಿದೆ, ದಯವಿಟ್ಟು ಮತ್ತೆ ತೆಗೀಬೇಡಿ. ಮನೆಗೆ ಹೊಸ ಬಾಡಿಗೆದಾರರು ಬಂದಿದಾರೆ, ಆದ್ರೆ ಪೋಸ್ಟ್‌ಮ್ಯಾನ್‌ಗೆ ಅವರ ಮನೆ ಯಾವ್ದು ಅಂತ ಗೊತ್ತಿಲ್ಲ, ಅಷ್ಟೇ ಆಗಿರೋದು. ವಿಂಡೋಸ್ ಹತ್ರ ಒಂದು ಪಟ್ಟಿ ಇರುತ್ತೆ, ಅದರ ಹೆಸರು ಪಾತ್. ನೀವು ಯಾವುದಾದ್ರೂ ಹೆಸರು ಹೊಡೆದು ಎಂಟರ್ ಒತ್ತಿದ ತಕ್ಷಣ ಅದು ಕಂಪ್ಯೂಟರನ್ನೆಲ್ಲ ಹುಡುಕಲ್ಲ, ನೀವು ಆಗ ಇರೋ ಫೋಲ್ಡರ್ ಬಿಟ್ರೆ ಆ ಪಟ್ಟೀಲಿರೋ ಫೋಲ್ಡರ್‌ಗಳನ್ನ ಮಾತ್ರ ಮೇಲಿಂದ ಕೆಳಗೆ ನೋಡ್ತಾ ಬರುತ್ತೆ, ಮೊದಲು ಸಿಕ್ಕಿದ್ದನ್ನ ಓಡಿಸುತ್ತೆ, ಎಲ್ಲೂ ಸಿಗ್ಲಿಲ್ಲ ಅಂದ್ರೆ ಈ ಹೆಸರು ನಂಗೊತ್ತಿಲ್ಲ ಅನ್ನುತ್ತೆ. ಪೈಥಾನ್ ಕೂತಿರೋ ಫೋಲ್ಡರ್ ಆ ಪಟ್ಟೀಲಿಲ್ಲ. ಅದರ ಜೊತೆಗೆ ವಿಂಡೋಸ್ 10, 11ರಲ್ಲಿ ಪೈಥಾನ್ ಅನ್ನೋ ಹೆಸರಲ್ಲೇ ಒಂದು ಖಾಲಿ ಕೊಂಡಿ ಮೊದಲೇ ಇಟ್ಟಿದಾರೆ, ಅದರ ಕೆಲಸ ಸ್ಟೋರ್ ತೆರೆಯೋದು ಅಷ್ಟೇ. ನಿಮಗೆ ಸಿಗ್ತಿರೋದು ಅದು.

ಮೊದಲು ಇದನ್ನ ಮಾಡಿ ನೋಡಿ. ಪೈಥಾನ್ ಅನ್ನೋ ಪೂರ್ತಿ ಹೆಸರು ಬೇಡ, ಪಿ ಮತ್ತು ವೈ ಎರಡೇ ಅಕ್ಷರ ಹೊಡೆದು ಎಂಟರ್ ಒತ್ತಿ. ಪೈಥಾನಿನ ಅಧಿಕೃತ ಸೈಟಿಂದ ಹಾಕಿದ್ರೆ ಈ ಲಾಂಚರ್ ಸಾಮಾನ್ಯವಾಗಿ ಜೊತೇಲೇ ಬಂದಿರುತ್ತೆ, ಪಟ್ಟೀಲಿ ಪೈಥಾನ್ ಇಲ್ದೇ ಇದ್ರೂ ಇದು ಹುಡುಕಿ ಓಡಿಸುತ್ತೆ. ಅರ್ಧ ಜನರ ಸಮಸ್ಯೆ ಇಲ್ಲಿಗೇ ಮುಗಿಯುತ್ತೆ.

ಪೂರ್ತಿ ಹೆಸರೇ ಕೆಲಸ ಮಾಡ್ಬೇಕು ಅಂದ್ರೆ ಸ್ಟಾರ್ಟ್ ಮೆನುಲಿ ಆಪ್ ಎಕ್ಸಿಕ್ಯೂಷನ್ ಅಲಿಯಾಸಸ್ ಅಂತ ಹುಡುಕಿ, ಅಲ್ಲಿ ಪೈಥಾನ್ ಹೆಸರಿನ ಎರಡು ಸ್ವಿಚ್ ಇರುತ್ತೆ, ಎರಡನ್ನೂ ಆಫ್ ಮಾಡಿ. ಆಮೇಲೆ ಅದೇ ಇನ್‌ಸ್ಟಾಲರನ್ನ ಮತ್ತೆ ತೆರೆದು ಮಾಡಿಫೈ ಒತ್ತಿ, ಮುಂದೆ ಬರೋ ಆಯ್ಕೆಗಳಲ್ಲಿ ಪೈಥಾನನ್ನ ಎನ್ವಿರಾನ್ಮೆಂಟ್ ವೇರಿಯಬಲ್ಸ್‌ಗೆ ಸೇರಿಸೋ ಟಿಕ್ ಹಾಕಿ. ಮೊದಲ ಸಲ ಹಾಕೋರಿಗೆ ಇಷ್ಟು ಸುತ್ತಾಟ ಬೇಡ, ಇನ್‌ಸ್ಟಾಲರಿನ ಮೊದಲನೇ ಸ್ಕ್ರೀನಿನ ಕೆಳಗಡೆ ಪಾತ್‌ಗೆ ಸೇರಿಸು ಅನ್ನೋ ಒಂದು ಸಣ್ಣ ಚೌಕ ಇರುತ್ತೆ, ಅದರಲ್ಲಿ ತಾನಾಗೇ ಟಿಕ್ ಬಂದಿರಲ್ಲ, ಎಲ್ಲರ ಕಣ್ಣು ಮೇಲಿರೋ ದೊಡ್ಡ ಇನ್‌ಸ್ಟಾಲ್ ಬಟನ್ ಮೇಲೇ ಹೋಗುತ್ತೆ. ಇನ್ನೊಂದು ಮಾತು, ಪಾತ್ ಬದಲಾಯಿಸಿದ್ಮೇಲೆ ಮೊದಲೇ ತೆರೆದಿದ್ದ ಕಪ್ಪು ವಿಂಡೋಗೆ ಅದು ಗೊತ್ತಾಗಲ್ಲ, ಮುಚ್ಚಿ ಹೊಸದು ತೆರೀಬೇಕು.

ಫೋಲ್ಡರ್ ವಿಷ್ಯ ನೀವು ಕೇಳಿಲ್ಲ, ಆದ್ರೆ ನಾಳೆ ಇದೇ ಬರುತ್ತೆ. ಪ್ರೋಗ್ರಾಂ ಡಿ ಡ್ರೈವಲ್ಲಿದೆ, ಫೋಲ್ಡರ್ ಬದಲಾಯಿಸೋ ಸಿಡಿ ಕಮಾಂಡ್ ಹೊಡೆದು ಡಿ ಡ್ರೈವಿನ ಫೋಲ್ಡರ್ ಹೆಸರು ಕೊಟ್ರೂ ವಿಂಡೋ ಸಿ ಡ್ರೈವಲ್ಲೇ ನಿಂತಿರುತ್ತೆ. ಡಿ ಮತ್ತು ಕೋಲನ್ ಮಾತ್ರ ಹೊಡೆದು ಎಂಟರ್ ಒತ್ತಿದ್ರೆ ಆಗ ಆ ಕಡೆ ಹೋಗುತ್ತೆ. ಇದಕ್ಕಿಂತ ಸುಲಭದ ದಾರಿ ಅಂದ್ರೆ, ಫೈಲ್ ಇರೋ ಫೋಲ್ಡರನ್ನ ಮಾಮೂಲಿ ಹಾಗೆ ಮೌಸಲ್ಲಿ ತೆರೆದು, ಮೇಲಿನ ಅಡ್ರೆಸ್ ಪಟ್ಟಿ ಮೇಲೆ ಕ್ಲಿಕ್ ಮಾಡಿ ಸಿಎಂಡಿ ಅಂತ ಹೊಡೆದು ಎಂಟರ್ ಒತ್ತೋದು. ಕಪ್ಪು ವಿಂಡೋ ನೇರ ಅದೇ ಫೋಲ್ಡರಲ್ಲಿ ತೆರ್ಕೊಳುತ್ತೆ.

ಪ್ರಶ್ನೆ: ಹಲೋ ಡಾಟ್ ಪಿವೈ ಅಂತ ಫೈಲ್ ಮಾಡಿದೀನಿ. ಪೈಥಾನ್ ತೆರೆದು ಅದರ ಹೆಸರು ಹೊಡೆದ್ರೆ ನೇಮ್ ಎರರ್, ಪೈಥಾನ್ ಹಲೋ ಡಾಟ್ ಪಿವೈ ಅಂತ ಹೊಡೆದ್ರೆ ಸಿಂಟ್ಯಾಕ್ಸ್ ಎರರ್. ಫೈಲಲ್ಲಿ ಇರೋದು ಒಂದೇ ಸಾಲು, ಅದರಲ್ಲಿ ತಪ್ಪೆಲ್ಲಿ? (ಹಾಸನ)

ಫೈಲಲ್ಲಿ ತಪ್ಪಿಲ್ಲ, ಅದನ್ನ ಪೈಥಾನ್ ಇನ್ನೂ ನೋಡೇ ಇಲ್ಲ. ಸಾಲಿನ ಮುಂದೆ >>> ಅಂತ ಮೂರು ಬಾಣ ಕಾಣ್ತಿದ್ರೆ ನೀವು ಆಗ್ಲೇ ಪೈಥಾನ್ ಒಳಗಡೆ ಇದೀರಿ ಅಂತ ಅರ್ಥ, ಅಲ್ಲಿ ಹೊಡೆದಿದ್ದೆಲ್ಲ ಪ್ರೋಗ್ರಾಂ ಅಂತಾನೇ ಅದು ತಿಳ್ಕೊಳುತ್ತೆ. ಎಕ್ಸಿಟ್ ಅಂತ ಬರೆದು ಖಾಲಿ ಬ್ರಾಕೆಟ್ ಹಾಕಿ ಎಂಟರ್ ಒತ್ತಿ ಹೊರಗೆ ಬನ್ನಿ, ಫೋಲ್ಡರ್ ಹೆಸರು ಕಾಣೋ ಸಾಲಲ್ಲಿ ನಿಂತು ಅದೇ ಕಮಾಂಡ್ ಕೊಡಿ, ಓಡುತ್ತೆ. ಪುಸ್ತಕಗಳಲ್ಲಿ ಉದಾಹರಣೆ ಮುಂದೆ >>> ಅಚ್ಚಾಗಿದ್ರೆ ಅದನ್ನ ನೀವು ಟೈಪ್ ಮಾಡ್ಬಾರ್ದು. ಹಾಗೇ ಪ್ರಿಂಟ್ ಆದ್ಮೇಲೆ ಬ್ರಾಕೆಟ್ ಇಲ್ದೇ ಇರೋ ಪುಸ್ತಕ ನಿಮ್ಮ ಕೈಲಿದ್ರೆ ಅದು ಪೈಥಾನ್ 2ರ ಕಾಲದ್ದು. ಪೈಥಾನ್ 3 ಬಂದಿದ್ದು 2008ರಲ್ಲಿ, 2020ರ ಜನವರಿ 1ಕ್ಕೆ ಹಳೇದರ ಸಪೋರ್ಟ್ ನಿಲ್ಸಿದ್ರು. ಆ ಪುಸ್ತಕ ಲೈಬ್ರರಿಗೆ ವಾಪಸ್ ಕೊಟ್ಟು ಹೊಸದು ತಗೊಳ್ಳಿ.

ಪ್ರಶ್ನೆ: ನಮ್ಮ ಡಿಪ್ಲೊಮಾ ಕಾಲೇಜಲ್ಲಿ ಟರ್ಬೋ ಸಿ ಇದೆ. ಮನೇಲಿ ಅಣ್ಣನ ಲ್ಯಾಪ್‌ಟಾಪಲ್ಲಿ ಉಬುಂಟು (ಲಿನಕ್ಸ್), ಜಿಸಿಸಿ ಹಾಕಿದೀನಿ. ಲ್ಯಾಬಲ್ಲಿ ಸರಿಯಾಗಿ ಓಡಿದ ಪ್ರೋಗ್ರಾಂ ಮನೇಲಿ ಮೊದಲನೇ ಸಾಲಿಗೇ ಎರರ್ ಕೊಡುತ್ತೆ. ಯಾವುದು ಸರಿ, ಯಾವುದು ತಪ್ಪು? ಪರೀಕ್ಷೇಲಿ ಯಾವುದನ್ನ ಬರೀಲಿ? (ದಾವಣಗೆರೆ)

ನಿಮ್ಮ ಪ್ರಶ್ನೆಗೆ ಸ್ವಲ್ಪ ಉದ್ದ ಉತ್ತರ ಕೊಡ್ತೀನಿ, ಯಾಕಂದ್ರೆ ನಮ್ಮ ರಾಜ್ಯದಲ್ಲಿ ಎಷ್ಟೋ ಮಕ್ಕಳು ಇದೇ ಜಾಗದಲ್ಲಿ ಎಡವಿ, ಸಿ ಅಂದ್ರೇನೇ ಬೇಡ ಅಂತ ಬಿಟ್ಟಿದಾರೆ.

ಸಿ ಭಾಷೇನ ಡೆನಿಸ್ ರಿಚಿ ಅವರು ಅಮೆರಿಕದ ಬೆಲ್ ಲ್ಯಾಬ್ಸಲ್ಲಿ 1970ರ ದಶಕದ ಶುರುವಿನಲ್ಲಿ ಮಾಡಿದ್ದು. ಟರ್ಬೋ ಸಿ ಅನ್ನೋದು ಬೋರ್ಲ್ಯಾಂಡ್ ಕಂಪನಿ 1987ರಲ್ಲಿ ಡಾಸ್ ಅನ್ನೋ ಹಳೇ ಆಪರೇಟಿಂಗ್ ಸಿಸ್ಟಮಿನ ಕಂಪ್ಯೂಟರ್‌ಗಳಿಗೆ ಅಂತ ತಂದ ಒಂದು ಕಂಪೈಲರ್, ಬರೆದ ಪ್ರೋಗ್ರಾಮನ್ನ ಕಂಪ್ಯೂಟರ್ ಓಡಿಸೋ ರೂಪಕ್ಕೆ ತಿರುಗಿಸೋ ಸಾಫ್ಟ್‌ವೇರ್, ಜಿಸಿಸಿ ಕೂಡ ಅಂಥದ್ದೇ. ಅಂದ್ರೆ ಟರ್ಬೋ ಸಿ ಒಂದು ಅಂಗಡಿ, ಸಿ ಅನ್ನೋದು ಸರಕು. ನಿಮ್ಮ ಮೊದಲನೇ ಸಾಲಲ್ಲಿರೋ ಕೋನಿಯೋ ಡಾಟ್ ಎಚ್ ಆ ಅಂಗಡೀಲಿ ಸಿಗೋ ಸ್ವಂತ ಮಾಲು, ಸಿ ಸ್ಟ್ಯಾಂಡರ್ಡಲ್ಲಿ ಅದು ಇಲ್ಲ, ಅದಕ್ಕೇ ಉಬುಂಟುಲಿ ಅಂಥ ಫೈಲೇ ಇಲ್ಲ ಅಂತ ಹೇಳುತ್ತೆ. ಸ್ಕ್ರೀನ್ ಒರೆಸೋಕೆ ಹಾಕೋ ಸಿಎಲ್‌ಆರ್‌ಎಸ್‌ಸಿಆರ್, ಕೊನೇಲಿ ಹಾಕೋ ಗೆಟ್‌ಚ್ ಎರಡೂ ಅದರಿಂದಲೇ ಬರೋದು. ಗೆಟ್‌ಚ್ ಯಾಕೆ ಹಾಕಿಸ್ತಾರೆ ಅಂತ ಯಾರಾದ್ರೂ ನಿಮಗೆ ಹೇಳಿದಾರಾ? ಪ್ರೋಗ್ರಾಂ ಮುಗಿದ ಕೂಡ್ಲೇ ಟರ್ಬೋ ಸಿ ಮತ್ತೆ ನೀಲಿ ಎಡಿಟರ್ ತೋರಿಸ್ಬಿಡುತ್ತೆ, ಉತ್ತರ ಕಣ್ಣಿಗೆ ಬೀಳಲ್ಲ, ಅದಕ್ಕೆ ಒಂದು ಕೀ ಒತ್ತೋವರೆಗೂ ಕಾಯಿ ಅಂತ ಹೇಳೋಕೆ ಅಷ್ಟೇ. ಅಲ್ಲಿ ಆಲ್ಟ್ ಜೊತೆ ಎಫ್5 ಒತ್ತಿದ್ರೂ ಉತ್ತರದ ಸ್ಕ್ರೀನ್ ಕಾಣುತ್ತೆ. ಟರ್ಮಿನಲಲ್ಲಿ, ಅಂದ್ರೆ ಉಬುಂಟುಲಿ ಕಮಾಂಡ್ ಹೊಡೆಯೋ ವಿಂಡೋಲಿ, ಓಡಿಸುವಾಗ ಉತ್ತರ ಅಲ್ಲೇ ನಿಂತಿರುತ್ತೆ, ಕಾಯೋ ಅಗತ್ಯಾನೇ ಇಲ್ಲ.

ಮನೇಲಿ ಓಡ್ಬೇಕು ಅಂದ್ರೆ ಕೋನಿಯೋ ಸಾಲು, ಸ್ಕ್ರೀನ್ ಒರೆಸೋ ಸಾಲು, ಗೆಟ್‌ಚ್ ಮೂರನ್ನೂ ತೆಗೀರಿ. ವಾಯ್ಡ್ ಮೇನ್ ಅಂತ ಇರೋದನ್ನ ಇಂಟ್ ಮೇನ್ ಮಾಡಿ, ಕೊನೇಲಿ ರಿಟರ್ನ್ ಸೊನ್ನೆ ಹಾಕಿ. ಹೀಗೆ ಬರೆದಿದ್ದು ಮನೇಲೂ ಓಡುತ್ತೆ, ಲ್ಯಾಬಿನ ಟರ್ಬೋ ಸಿಲೂ ಓಡುತ್ತೆ, ಹಾಗಾಗಿ ಪರೀಕ್ಷೇಲೂ ಇದನ್ನೇ ಬರೀರಿ. ಟರ್ಮಿನಲಲ್ಲಿ ಜಿಸಿಸಿ ಅಂತ ಬರೆದು ಫೈಲ್ ಹೆಸರು ಕೊಟ್ರೆ ಎ ಡಾಟ್ ಔಟ್ ಅಂತ ಒಂದು ಫೈಲ್ ಹುಟ್ಟುತ್ತೆ. ಅದರ ಹೆಸರು ಬರೀ ಹೊಡೆದ್ರೆ ಸಿಗಲ್ಲ ಅನ್ನುತ್ತೆ, ಮುಂದೆ ಒಂದು ಚುಕ್ಕಿ ಒಂದು ಓರೆಗೆರೆ ಸೇರಿಸ್ಬೇಕು, ಹೀಗೆ ./ ಹಾಕಿ. ಚುಕ್ಕಿ ಅಂದ್ರೆ ನಾನೀಗ ನಿಂತಿರೋ ಫೋಲ್ಡರ್. ಮೇಲೆ ತಿಪಟೂರಿನವರಿಗೆ ಹೇಳಿದ ಪಾತ್ ಪಟ್ಟಿ ಉಬುಂಟುಲೂ ಇದೆ, ಆದ್ರೆ ನಿಂತಿರೋ ಫೋಲ್ಡರ್ ಆ ಪಟ್ಟೀಲಿರಲ್ಲ, ಬೇಕಂತಾನೇ ಬಿಟ್ಟಿರೋದು, ಯಾರೋ ಕಿಡಿಗೇಡಿ ಮಾಮೂಲಿ ಕಮಾಂಡಿನ ಹೆಸರಲ್ಲೇ ಒಂದು ಫೈಲ್ ಇಟ್ರೆ ಅದು ಓಡ್ಬಾರ್ದು ಅಂತ.

ಇನ್ನೊಂದು ವ್ಯತ್ಯಾಸ ತೋರಿಸ್ತೀನಿ, ಮಾಡಿ ನೋಡಿ. ಫ್ಯಾಕ್ಟೋರಿಯಲ್ (1ರಿಂದ ಆ ಸಂಖ್ಯೆವರೆಗೆ ಎಲ್ಲ ಗುಣಿಸೋ) ಪ್ರೋಗ್ರಾಮನ್ನ ಇಂಟ್ (ಪೂರ್ಣಾಂಕ) ಹಾಕಿ ಬರೆದು ಎರಡೂ ಕಡೆ 8 ಕೊಡಿ. ಜಿಸಿಸಿ 40320 ಅನ್ನುತ್ತೆ, ಟರ್ಬೋ ಸಿ ಮೈನಸ್ 25216 ಅನ್ನುತ್ತೆ. ಟರ್ಬೋ ಸಿಲಿ ಇಂಟ್ ಅಂದ್ರೆ 2 ಬೈಟ್, 32767ಕ್ಕಿಂತ ದೊಡ್ಡದು ಹಿಡಿಸಲ್ಲ, ತುಂಬಿ ಆ ಕಡೆಯಿಂದ ಮೈನಸ್ಸಿಗೆ ಉರುಳುತ್ತೆ. ಜಿಸಿಸಿಲಿ 4 ಬೈಟ್, ಅದು 12ರವರೆಗೆ ಸರಿಯಾಗಿ ಹೇಳಿ 13ಕ್ಕೆ ತಪ್ಪುತ್ತೆ. ಎಷ್ಟೋ ವಿದ್ಯಾರ್ಥಿಗಳು ಈ ಮೈನಸ್ ನೋಡಿ ತಮ್ಮ ಲೂಪ್ ತಪ್ಪು ಅಂದ್ಕೊಂಡು ಗಂಟೆಗಟ್ಟಲೆ ತಲೆ ಕೆಡಿಸ್ಕೊಂಡಿದ್ದನ್ನ ನಾನೇ ಲ್ಯಾಬಲ್ಲಿ ಪಕ್ಕದಲ್ಲಿ ನಿಂತು ನೋಡಿದೀನಿ, ಲೂಪಲ್ಲಿ ಒಂದಕ್ಷರ ತಪ್ಪಿರ್ತಿರ್ಲಿಲ್ಲ.

ಇವತ್ತಿನ 64 ಬಿಟ್ ವಿಂಡೋಸಲ್ಲಿ ಟರ್ಬೋ ಸಿ ನೇರವಾಗಿ ಓಡೋದೇ ಇಲ್ಲ, 16 ಬಿಟ್ ಪ್ರೋಗ್ರಾಮನ್ನ ಅದು ಒಳಗೇ ಬಿಡಲ್ಲ, ಅದಕ್ಕೇ ಡಾಸ್‌ಬಾಕ್ಸ್ ಅನ್ನೋ ಹಳೇ ಕಂಪ್ಯೂಟರಿನ ವೇಷ ಹಾಕಿ ಓಡಿಸ್ತಾರೆ. ಸಿ ಪ್ಲಸ್ ಪ್ಲಸ್ಸಲ್ಲಂತೂ ಟರ್ಬೋ ಕಲಿಸೋದು 1998ರಲ್ಲಿ ಮೊದಲ ಸ್ಟ್ಯಾಂಡರ್ಡ್ ಬರೋದಕ್ಕೂ ಮುಂಚಿನ ರೂಪ, ಐಒಸ್ಟ್ರೀಮ್ ಮುಂದಿನ ಡಾಟ್ ಎಚ್ ಕೂಡ ಆ ಕಾಲದ್ದೇ. ಪಾಠ ಮಾಡೋ ಮೇಷ್ಟ್ರುಗಳು ಈ ಅಂಕಣ ಓದ್ತಿದ್ರೆ ಅವರಲ್ಲಿ ಕೈಮುಗಿದು ಕೇಳ್ಕೊಳ್ತೀನಿ, ಸಿಲಬಸ್ ಬದಲಾಗೋವರೆಗೂ ಕಾಯೋದು ಬೇಡ, ಮೊದಲನೇ ವಾರದ ಎರಡು ಲ್ಯಾಬ್ ಜಿಸಿಸಿಗೂ ಟರ್ಮಿನಲ್ಲಿಗೂ ಕೊಡಿ.

ಪ್ರಶ್ನೆ: ನನಗೆ 63 ವರ್ಷ, ಬ್ಯಾಂಕಿಂದ ನಿವೃತ್ತಿ ಆಗಿದೆ. ಮೊಮ್ಮಗ ವಾಟ್ಸಾಪಲ್ಲಿ ಕಳಿಸಿದ ಪ್ರೋಗ್ರಾಂ ಕಾಪಿ ಮಾಡಿ ಹಾಕಿದ್ರೆ ಇನ್‌ವ್ಯಾಲಿಡ್ ಕ್ಯಾರೆಕ್ಟರ್ ಅಂತ ಬರುತ್ತೆ. ಅವನ ಹತ್ರ ಓಡುತ್ತಂತೆ. ನಾನು ಬರೆಯೋದು ನೋಟ್‌ಪ್ಯಾಡಲ್ಲಿ. (ಶಿವಮೊಗ್ಗ)

ಸರ್, ಎರರಿನ ಅದೇ ಸಾಲಲ್ಲಿ ಯು ಪ್ಲಸ್ 201ಸಿ ಅಂತ ಇದ್ಯಾ ನೋಡಿ. ಇದ್ರೆ ಅದು ಬಾಗಿದ ಉದ್ಧರಣ ಚಿಹ್ನೆ. ಮೊಬೈಲ್ ಕೀಬೋರ್ಡು, ವರ್ಡ್, ಕೆಲವು ಪಿಡಿಎಫ್ ಎಲ್ಲ ನೋಡೋಕೆ ಚೆನ್ನಾಗಿರ್ಲಿ ಅಂತ ನೆಟ್ಟಗಿರೋ ಚಿಹ್ನೇನ ಬಾಗಿಸಿಬಿಡ್ತವೆ, ನಮ್ಮ ಕಣ್ಣಿಗೆ ಎರಡೂ ಒಂದೇ, ಪೈಥಾನ್‌ಗೆ ನೆಟ್ಟಗಿರೋದೇ ಬೇಕು. ಆ ಚಿಹ್ನೆಗಳನ್ನ ಅಳಿಸಿ ನಿಮ್ಮ ಕೀಬೋರ್ಡಿಂದಲೇ ಮತ್ತೆ ಒತ್ತಿ. ಇನ್ನು ಮುಂದೆ ಪ್ರೋಗ್ರಾಮನ್ನ ಮೆಸೇಜಾಗಿ ಬೇಡ, ಫೈಲಾಗಿ ಅಟ್ಯಾಚ್ ಮಾಡಿ ಕಳ್ಸು ಅಂತ ಮೊಮ್ಮಗನಿಗೆ ಹೇಳಿ. ಪೈಥಾನಲ್ಲಿ ಸಾಲಿನ ಮುಂದಿನ ಖಾಲಿ ಜಾಗಕ್ಕೂ ಅರ್ಥ ಇದೆ, ಮೆಸೇಜಲ್ಲಿ ಅದೂ ಕೆಡಬಹುದು.

ನೋಟ್‌ಪ್ಯಾಡಲ್ಲಿ ಬರೀತೀನಿ ಅಂತಾನೂ ಹೇಳಿದೀರಿ. ಸೇವ್ ಮಾಡುವಾಗ ಕೆಳಗಿನ ಸೇವ್ ಆ್ಯಸ್ ಟೈಪಲ್ಲಿ ಆಲ್ ಫೈಲ್ಸ್ ಆರಿಸಿ. ಇಲ್ಲಾಂದ್ರೆ ಹಿಂದೆ ಡಾಟ್ ಟಿಎಕ್ಸ್‌ಟಿ ಸೇರ್ಕೊಳ್ಳುತ್ತೆ, ವಿಂಡೋಸ್ ಆ ಬಾಲಾನ ಮುಚ್ಚಿಡೋದ್ರಿಂದ ಕಾಣೋದೂ ಇಲ್ಲ, ಫೈಲ್ ಕಣ್ಮುಂದೆ ಇದ್ರೂ ಪೈಥಾನ್ ಇಲ್ಲ ಅನ್ನುತ್ತೆ. ಫೈಲ್ ಎಕ್ಸ್‌ಪ್ಲೋರರಿನ ವ್ಯೂ ಮೆನುಲಿ ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್ ಅನ್ನೋದಕ್ಕೆ ಟಿಕ್ ಹಾಕಿಟ್ಕೊಳ್ಳಿ, ಒಂದೇ ಸಲದ ಕೆಲಸ.

ಪ್ರಶ್ನೆ: ಮೇಡಂ, ನಾ ಧಾರವಾಡದಾಗ ಕೃಷಿ ಪಿಎಚ್‌ಡಿ ಮಾಡಾಕತ್ತೀನ್ರಿ. ಗೈಡ್ ಅವ್ರು ಆರ್ ಒಳಗ ಅನಾಲಿಸಿಸ್ ಮಾಡು ಅಂದಾರ. ಆರ್‌ಸ್ಟುಡಿಯೋ ಹಾಕೀನಿ, ತೆಗದ್ರ ಆರ್ ಎಲ್ಲೈತಿ ಅಂತ ನನ್ನೇ ಕೇಳತೈತಿ. ಗೆಳ್ಯಾನ ಲ್ಯಾಪ್‌ಟಾಪಿನಾಗ ಪ್ರಯತ್ನ ಮಾಡಿದ್ರ ಫೈಲ್ ಓದಂಗಿಲ್ಲ, ಏನ್ ಹೊಡದ್ರೂ ಬರೇ ಪ್ಲಸ್ ಚಿಹ್ನಿ ಬರತೈತಿ. (ಧಾರವಾಡ)

ನಿಮ್ಮದು ಮೂರು ಬೇರೆ ಬೇರೆ ಸಮಸ್ಯೆ ಒಂದೇ ದಿನ ಬಂದಿರೋದ್ರಿಂದ ದೊಡ್ಡದಾಗಿ ಕಾಣ್ತಿದೆ.

ಆರ್ ಅನ್ನೋ ಭಾಷೆ ಎಂಜಿನ್ನು, ಆರ್‌ಸ್ಟುಡಿಯೋ ಅದರ ಮೇಲೆ ಕೂರಿಸಿರೋ ಸೀಟು, ಸ್ಟಿಯರಿಂಗು. ಎರಡನ್ನೂ ಬೇರೆ ಬೇರೆ ಹಾಕ್ಬೇಕು, ಮೊದಲು ಆರ್. ಅದು ಸಿಗೋದು ಕ್ರಾನ್ ಅನ್ನೋ ಸೈಟಲ್ಲಿ, ಪೂರ್ತಿ ಉಚಿತ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕಾ ಮತ್ತು ರಾಬರ್ಟ್ ಜಂಟಲ್‌ಮನ್ ಅನ್ನೋ ಇಬ್ಬರು ಸ್ಟ್ಯಾಟಿಸ್ಟಿಕ್ಸ್ ಮೇಷ್ಟ್ರುಗಳು 1990ರ ದಶಕದ ಶುರುವಿನಲ್ಲಿ ಇದನ್ನ ಆರಂಭಿಸಿದ್ದು, 1.0 ಬಂದಿದ್ದು 2000ದ ಫೆಬ್ರವರಿ 29ಕ್ಕೆ. ನಿಮ್ಮಂಥ ಅನಾಲಿಸಿಸ್ ಕೆಲಸಕ್ಕೇ ಹುಟ್ಟಿದ ಭಾಷೆ, ಹಾಗಾಗಿ ಗೈಡ್ ಹೇಳಿದ್ದು ಸರಿಯಾಗಿದೆ.

ಫೈಲ್ ಓದ್ತಿಲ್ಲ ಅನ್ನೋದಕ್ಕೆ ಕಾರಣ ನೀವು ಬರೆದ ಫೈಲಿನ ವಿಳಾಸದಲ್ಲೇ ಇದೆ. ವಿಂಡೋಸಿಂದ ಕಾಪಿ ಮಾಡಿದ ವಿಳಾಸದಲ್ಲಿ ಗೆರೆ ಹಿಂದಕ್ಕೆ ಬಾಗಿರುತ್ತೆ, ಹೀಗೆ \ ಇರುತ್ತೆ. ಆರ್‌ಗೆ ಆ ಗೆರೆ ಅಂದ್ರೆ ಮುಂದೆ ಏನೋ ವಿಶೇಷ ಅಕ್ಷರ ಬರುತ್ತೆ ಅನ್ನೋ ಗುರುತು. ಸಿ ಡ್ರೈವ್ ಆದ್ಮೇಲೆ ಯೂಸರ್ಸ್ ಅಂತ ಇರುತ್ತಲ್ಲ, ಗೆರೆ ಪಕ್ಕ ಯು ಬಂದ ಕೂಡ್ಲೇ ಇದು ಯೂನಿಕೋಡ್ ಸಂಖ್ಯೆ (ಪ್ರತಿ ಅಕ್ಷರಕ್ಕೂ ಕೊಟ್ಟಿರೋ ನಂಬರ್) ಇರ್ಬೇಕು ಅಂತ ಕಾದು, ಸಂಖ್ಯೆ ಸಿಗದೆ ಎರರ್ ಕೊಡುತ್ತೆ. ಎಲ್ಲ ಗೆರೆಗಳನ್ನೂ ಮುಂದಕ್ಕೆ ಬಾಗಿಸಿ / ಮಾಡಿ, ಇಲ್ಲಾ ಒಂದೊಂದನ್ನೂ ಎರಡೆರಡು ಸಲ ಬರೀರಿ. ಪೈಥಾನಲ್ಲೂ ಇದೇ ಕಾಟ ಇದೆ, ಅಲ್ಲಿ ಯೂನಿಕೋಡ್ ಎರರ್ ಅಂತ ತೋರಿಸುತ್ತೆ, ಮದ್ದು ಇದೇ. ಎಕ್ಸೆಲ್ ಶೀಟನ್ನ ಸಿಎಸ್‌ವಿ ಆಗಿ ಸೇವ್ ಮಾಡ್ಕೊಂಡ್ರೆ ಶುರುವಿಗೆ ಸುಲಭ.

ಪ್ಲಸ್ ಚಿಹ್ನೆ ಎರರ್ ಅಲ್ಲವೇ ಅಲ್ಲ. ನೀವೆಲ್ಲೋ ಬ್ರಾಕೆಟ್ ಅಥವಾ ಉದ್ಧರಣ ಚಿಹ್ನೆ ಮುಚ್ಚೋದು ಬಿಟ್ಟಿದೀರಿ, ಮಾತು ಮುಗಿದಿಲ್ಲ ಅಂತ ಅದು ಕಾಯ್ತಾ ಕೂತಿದೆ. ಎಸ್ಕೇಪ್ ಕೀ ಒತ್ತಿ, ಮೊದಲಿಂದ ಬರೀರಿ. ಹಾಗೇ ಪ್ಯಾಕೇಜ್, ಅಂದ್ರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನ ಗಂಟು, ಇನ್‌ಸ್ಟಾಲ್ ಮಾಡೋದು ಒಂದು ಸಲ, ಲೈಬ್ರರಿ ಅಂತ ಕರೆಯೋದು ಆರ್ ತೆರೆದಾಗೆಲ್ಲ. ಟ್ರಂಕಲ್ಲಿರೋ ಬಟ್ಟೇನ ದಿನಾ ಹೊರಗೆ ತೆಗೆದೇ ಹಾಕ್ಕೋಬೇಕಲ್ಲ, ಹಾಗೆ.

ಪ್ರಶ್ನೆ: ಕಂಪೈಲ್ ಆಗುತ್ತೆ, ಆದ್ರೆ ಜಾವಾ ಓಡಿಸಿದ್ರೆ ಕ್ಲಾಸ್ ಫೈಲ್ ವರ್ಷನ್ 61, ಇದಕ್ಕೆ 52ರವರೆಗೆ ಮಾತ್ರ ಗೊತ್ತು ಅಂತ ಬರುತ್ತೆ. ನಾನು ಹಾಕಿರೋದು ಜಾವಾ 17, ಈ 61, 52 ಎಲ್ಲಿಂದ ಬಂತು? (ಬೆಂಗಳೂರು)

ಆ ನಂಬರಿಂದ 44 ಕಳೀರಿ. 61ರಲ್ಲಿ 44 ಹೋದ್ರೆ 17, 52ರಲ್ಲಿ ಹೋದ್ರೆ 8. ಅಂದ್ರೆ ಕಂಪೈಲ್ ಮಾಡಿದ್ದು ಜಾವಾ 17, ಓಡಿಸೋಕೆ ಹೋಗ್ತಿರೋದು ಯಾವಾಗ್ಲೋ ಯಾವುದೋ ಸಾಫ್ಟ್‌ವೇರ್ ಜೊತೆ ಬಂದು ಕೂತಿರೋ ಜಾವಾ 8. ವಿಂಡೋಸಲ್ಲಿ ವೇರ್ ಜಾವಾ, ಲಿನಕ್ಸಲ್ಲಿ ವಿಚ್ ಜಾವಾ ಅಂತ ಕೇಳಿ, ಯಾವ ಫೋಲ್ಡರಿನ ಜಾವಾ ಮೊದಲು ಸಿಗ್ತಿದೆ ಅಂತ ಹೇಳುತ್ತೆ. ಪಾತ್ ಪಟ್ಟೀಲಿ 17ರ ಫೋಲ್ಡರನ್ನ ಎಲ್ಲಕ್ಕಿಂತ ಮೇಲೆ ತನ್ನಿ.

ಪ್ರಶ್ನೆ: ನನ್ನ ಹತ್ರ ಲ್ಯಾಪ್‌ಟಾಪ್ ಇಲ್ಲ, ತಗೊಳ್ಳೋ ಪರಿಸ್ಥಿತೀಲೂ ಇಲ್ಲ. ಮೊಬೈಲಲ್ಲಿ ಪ್ರೋಗ್ರಾಮಿಂಗ್ ಕಲಿಯೋದು ಸುಮ್ನೆ ಟೈಮ್ ವೇಸ್ಟ್ ಅಂತಾರೆ ಫ್ರೆಂಡ್ಸ್, ನಿಜಾನಾ? (ಯಾದಗಿರಿ)

ನಿಜ ಅಲ್ಲ. ಮೊದಲ ಆರು ತಿಂಗಳು ಕಲಿಯೋ ಲೂಪು, ಲಿಸ್ಟು, ಫಂಕ್ಷನ್ನು ಯಾವುದಕ್ಕೂ ದೊಡ್ಡ ಮಷೀನ್ ಬೇಡ. ಆಂಡ್ರಾಯ್ಡಲ್ಲಿ ಪೈಡ್ರಾಯ್ಡ್ 3 ಅನ್ನೋ ಆಪ್ ಹಾಕಿದ್ರೆ ಪೈಥಾನ್ ಫೋನಲ್ಲೇ ಓಡುತ್ತೆ, ನೆಟ್ ಇಲ್ದಿದ್ರೂ ನಡೆಯುತ್ತೆ. ಸಿ ಕಲೀಬೇಕು, ಟರ್ಮಿನಲ್ ಅಭ್ಯಾಸ ಆಗ್ಬೇಕು ಅಂದ್ರೆ ಟರ್ಮಕ್ಸ್ ಹಾಕಿ, ಅದನ್ನ ಎಫ್‌ಡ್ರಾಯ್ಡ್ ಅನ್ನೋ ಆಪ್ ಸ್ಟೋರಿಂದ ತಗೊಳ್ಳಿ. ಅದರಲ್ಲಿ ಪಿಕೆಜಿ ಇನ್‌ಸ್ಟಾಲ್ ಕ್ಲ್ಯಾಂಗ್ ಅಂತ ಕೊಟ್ರೆ ಸಿ ಕಂಪೈಲರೇ ಬರುತ್ತೆ, ಮೇಲೆ ದಾವಣಗೆರೆಯವರಿಗೆ ಹೇಳಿದ್ದೆಲ್ಲ ನಿಮ್ಮ ಫೋನಲ್ಲೂ ಮಾಡಬಹುದು. ಗೂಗಲ್ ಕೊಲ್ಯಾಬ್ ಬ್ರೌಸರಲ್ಲೇ ತೆರೆಯುತ್ತೆ, ಅಲ್ಲಿ ಓಡೋದು ಗೂಗಲಿನ ಕಂಪ್ಯೂಟರ್, ನಿಮ್ಮ ಫೋನಿಗೆ ಭಾರ ಇಲ್ಲ, ಆದ್ರೆ ನೆಟ್ ಬೇಕೇ ಬೇಕು, ಮತ್ತೆ ನೀವು ಅಪ್‌ಲೋಡ್ ಮಾಡಿದ ಡೇಟಾ ಫೈಲ್‌ಗಳು ಸೆಷನ್ ಮುಗಿದ್ಮೇಲೆ ಉಳಿಯಲ್ಲ, ಗೂಗಲ್ ಡ್ರೈವಲ್ಲಿ ಇಟ್ಕೋಬೇಕು.

ಫೋನಲ್ಲಿ ನಿಜವಾದ ಕಷ್ಟ ಟೈಪ್ ಮಾಡೋದು. ಒಂದು ಸಾದಾ ಯುಎಸ್‌ಬಿ ಕೀಬೋರ್ಡು, ಅದನ್ನ ಫೋನಿಗೆ ಜೋಡಿಸೋ ಒಂದು ಒಟಿಜಿ ಪಿನ್ನು ಎಲ್ಲಾದ್ರೂ ಹಳೇದು ಸಿಕ್ಕಿದ್ರೆ ತಗೊಳ್ಳಿ, ಬಹಳಷ್ಟು ಫೋನು ಅದನ್ನ ತಗೊಳುತ್ತೆ, ಕಲಿಯೋ ವೇಗಾನೇ ಬದಲಾಗುತ್ತೆ.

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆ ಶಿಕ್ಷಕಿ. ಮಕ್ಕಳಿಗೆ ಪೈಥಾನ್ ತೋರಿಸ್ಬೇಕು ಅಂತಿದೀನಿ. ಇಂಗ್ಲಿಷ್ ಭಯದಿಂದಲೇ ಅರ್ಧ ಮಕ್ಕಳು ಹಿಂದೆ ಸರೀತಾರೆ. ಪ್ರೋಗ್ರಾಮಲ್ಲಿ ಕನ್ನಡ ಬಳಸಬಹುದಾ? (ಪುತ್ತೂರು)

ಧಾರಾಳವಾಗಿ, ಟೀಚರ್. ಇಫ್, ಫಾರ್, ಪ್ರಿಂಟ್ ಥರದ ಮೂಲ ಪದಗಳು ಇಂಗ್ಲಿಷಲ್ಲೇ ಇರುತ್ತೆ, ಶುರುವಿಗೆ ಬೇಕಾಗೋದು ಕೆಲವೇ. ಮಕ್ಕಳು ತಾವೇ ಇಡೋ ಹೆಸರುಗಳು ಕನ್ನಡದಲ್ಲಿರಬಹುದು. ಬೆಲೆ ಸಮ 40, ಕೆಜಿ ಸಮ 3, ಪ್ರಿಂಟ್ ಮಾಡಿ ಬ್ರಾಕೆಟ್ಟಲ್ಲಿ ಬೆಲೆ ಗುಣಿಸು ಕೆಜಿ, ಇದನ್ನ ಕನ್ನಡ ಅಕ್ಷರದಲ್ಲೇ ಹೆಸರಿಟ್ಟು ಬರೆದ್ರೆ ಪೈಥಾನ್ 3 ಒಪ್ಕೊಂಡು 120 ಅನ್ನುತ್ತೆ.

ಎಲ್ಲಿ ಕೈಕೊಡುತ್ತೆ ಅಂತಾನೂ ಗೊತ್ತಿರ್ಲಿ. ಪೈಥಾನ್‌ನಲ್ಲಿ ಅಂತ ಬರೆಯುವಾಗ ನ ಕೆಳಗೆ ಒತ್ತಕ್ಷರ ಆಗ್ಬಾರ್ದು ಅಂತ ನಾವು ಮಧ್ಯೆ ಒಂದು ಕಾಣದ ಅಕ್ಷರ ಹಾಕ್ತೀವಲ್ಲ, ಅದು ವೇರಿಯಬಲ್ ಹೆಸರಲ್ಲಿ ಬಂದ್ರೆ ಪೈಥಾನ್ ಒಪ್ಪಲ್ಲ, ಯು ಪ್ಲಸ್ 200ಸಿ ಅಂತ ದೂರು ಹೇಳುತ್ತೆ. ಹಾಗಾಗಿ ಬೆಲೆ, ಹೆಸರು, ಊರು, ಮೊತ್ತ ಇಂಥ ಸರಳ ಪದಗಳನ್ನೇ ಇಡಿಸಿ. ಪ್ರೋಗ್ರಾಮಿನ ಒಳಗೆ ಕನ್ನಡ ಅಂಕಿ ಬರೆದ್ರೆ ಎರರ್, ಆದ್ರೆ ಇನ್‌ಪುಟ್ ಕೇಳಿದಾಗ ಮಗು ೧೨ ಅಂತ ಕೊಟ್ರೆ ಇಂಟ್ ಅದನ್ನ 12 ಅಂತ ಸರಿಯಾಗಿ ತಗೊಳುತ್ತೆ! ಇದನ್ನ ತರಗತೀಲಿ ಮಾಡಿ ತೋರಿಸಿ, ಮಕ್ಕಳಿಗೆ ಎಷ್ಟು ಖುಷಿಯಾಗುತ್ತೆ ನೋಡಿ.

ಮೈಸೂರು ಅನ್ನೋ ಪದದ ಉದ್ದ ಎಷ್ಟು ಅಂತ ಲೆನ್ ಹಾಕಿ ಕೇಳಿ. ಮಕ್ಕಳು 3 ಅಂತಾರೆ, ಪೈಥಾನ್ 6 ಅನ್ನುತ್ತೆ. ಅದು ಮ, ಐ ಸ್ವರದ ಗುರುತು, ಸ, ದೀರ್ಘದ ಕೊಂಬು, ರ, ಕೊಂಬು ಅಂತ ಬಿಡಿಸಿ ಎಣಿಸುತ್ತೆ. ಮಕ್ಕಳು ಮೊದಲು ಕಾಗದದ ಮೇಲೆ ಬಿಡಿಸ್ಲಿ, ಆಮೇಲೆ ಪೈಥಾನನ್ನ ಕೇಳ್ಲಿ. ಕನ್ನಡದ ಗುಣಿತಾಕ್ಷರ ಪಾಠ, ಯೂನಿಕೋಡ್ ಪಾಠ ಎರಡೂ ಒಂದೇ ಪೀರಿಯಡ್ಡಲ್ಲಿ ಆಗುತ್ತೆ. ನನ್ನ ಕೇಳಿದ್ರೆ, ಈ ವಿಷ್ಯದಲ್ಲಿ ಕನ್ನಡ ಓದಿರೋ ಮಗುಗೆ ಬರೀ ಇಂಗ್ಲಿಷ್ ಓದಿರೋ ಮಗುಗಿಂತ ಒಂದು ಹೆಜ್ಜೆ ಮುಂದೆ ಹೋಗೋ ಅವಕಾಶ ಇದೆ.

ಓಡಿಸೋಕೆ ವಿಂಡೋಸಿನ ಕಪ್ಪು ವಿಂಡೋ ಬೇಡ, ಅಲ್ಲಿ ಕನ್ನಡ ಒಡೆದು ಕಾಣುತ್ತೆ, ಪ್ರೋಗ್ರಾಂ ತಪ್ಪಿರಲ್ಲ. ಪೈಥಾನ್ ಜೊತೆ ಬರೋ ಐಡಲ್ ಅನ್ನೋ ಎಡಿಟರ್ ಬಳಸಿ. ಫೈಲಿಗೆ ಕನ್ನಡ ಬರೆಸೋದಾದ್ರೆ ಓಪನ್ ಮಾಡುವಾಗ ಎನ್‌ಕೋಡಿಂಗ್ ಯುಟಿಎಫ್ 8 ಅಂತ ಕೊಡೋದು ಮರೀಬೇಡಿ.

ಪ್ರಶ್ನೆ: ಎರರ್ ಬಂದಾಗ ಹತ್ತಿಪ್ಪತ್ತು ಸಾಲು ಕೆಂಪಗೆ ಬರುತ್ತೆ, ನೋಡಿದ್ರೇನೇ ಕೈಕಾಲು ತಣ್ಣಗಾಗುತ್ತೆ, ಮುಚ್ಚಿಬಿಡ್ತೀನಿ. ಮಗು ಶಾಲೆಗೆ ಹೋದ್ಮೇಲೆ ಮತ್ತೆ ಕೆಲಸಕ್ಕೆ ಸೇರ್ಬೇಕು ಅಂತ ಕಲೀತಿದೀನಿ, ನನ್ನಿಂದ ಆಗುತ್ತಾ? (ಮೈಸೂರು)

ಆಗುತ್ತೆ. ಎಲ್ಲ ಸಾಲೂ ಓದ್ಬೇಡಿ. ಪೈಥಾನ್ ಆದ್ರೆ ಎಲ್ಲಕ್ಕಿಂತ ಕೆಳಗಿನ ಸಾಲು ಮೊದಲು ಓದಿ, ಏನಾಯ್ತು ಅಂತ ಅಲ್ಲಿರುತ್ತೆ, ಅದರ ಮೇಲೆ ಯಾವ ಸಾಲು ಅಂತ ನಂಬರ್ ಇರುತ್ತೆ. ಸಿ ಆದ್ರೆ ಉಲ್ಟಾ, ಎಲ್ಲಕ್ಕಿಂತ ಮೇಲಿನ ಎರರ್ ಮಾತ್ರ ಓದಿ ಅದನ್ನ ಸರಿಮಾಡಿ ಮತ್ತೆ ಕಂಪೈಲ್ ಮಾಡಿ, ಒಂದು ಸೆಮಿಕೋಲನ್ ಬಿಟ್ಟಿದ್ದಕ್ಕೆ ಕೆಳಗೆ ಹತ್ತು ಎರರ್ ಸಾಲುಗಟ್ಟಿರುತ್ತೆ, ಒಂದು ಹಾಕಿದ ಕೂಡ್ಲೇ ಹತ್ತೂ ಹೋಗುತ್ತೆ. ಅದು ತೋರಿಸೋ ಸಾಲಲ್ಲಿ ತಪ್ಪು ಕಾಣಲಿಲ್ಲ ಅಂದ್ರೆ ಅದರ ಹಿಂದಿನ ಸಾಲು ನೋಡಿ. ಸರಿಮಾಡಿದ್ರೂ ಅದೇ ಎರರ್ ಬರ್ತಿದ್ರೆ ಮೊದಲು ಫೈಲ್ ಸೇವ್ ಆಗಿದ್ಯಾ ನೋಡ್ಕೊಳ್ಳಿ, ವಿಎಸ್ ಕೋಡ್ ಅನ್ನೋ ಎಡಿಟರಲ್ಲಿ ಫೈಲ್ ಹೆಸರಿನ ಪಕ್ಕ ಒಂದು ಚುಕ್ಕಿ ಇದ್ರೆ ಸೇವ್ ಆಗಿಲ್ಲ ಅಂತ.

ಯಾರನ್ನಾದ್ರೂ ಕೇಳೋದಾದ್ರೆ "ಓಡ್ತಿಲ್ಲ" ಅಂತ ಬರೀಬೇಡಿ. ಎರರ್ ಪೂರ್ತಿ ಕಾಪಿ ಮಾಡಿ ಹಾಕಿ, ವಿಂಡೋಸೋ ಲಿನಕ್ಸೋ ಹೇಳಿ, ಭಾಷೆಯ ವರ್ಷನ್ ಹೇಳಿ. ಹತ್ತು ವರ್ಷದಿಂದ ಕೋಡ್ ಬರೆಯೋರಿಗೂ ಕೆಂಪು ಸಾಲು ದಿನಾ ಬರುತ್ತೆ, ನನಗೆ ಇವತ್ತು ಬೆಳಿಗ್ಗೇನೂ ಬಂತು.

ಪ್ರಶ್ನೆ: ಆಂಟಿ, ನಾನು 9ನೇ ಕ್ಲಾಸ್. ಪೈಥಾನಲ್ಲಿ ಚಿತ್ರ ಬಿಡಿಸೋಕೆ ಇರೋ ಟರ್ಟಲಲ್ಲಿ ಚೌಕ ಬಿಡಿಸೋ ಪ್ರೋಗ್ರಾಂ ಬರ್ದು ಟರ್ಟಲ್ ಡಾಟ್ ಪಿವೈ ಅಂತ ಸೇವ್ ಮಾಡ್ದೆ. ಟರ್ಟಲ್‌ಗೆ ಟರ್ಟಲ್ ಅನ್ನೋದೇ ಇಲ್ಲ ಅಂತ ಎರರ್ ಬರ್ತಿದೆ. (ಚಿತ್ರದುರ್ಗ)

ಪುಟ್ಟ, ಪ್ರೋಗ್ರಾಂ ಸರಿಯಿದೆ, ಫೈಲ್ ಹೆಸರು ಮಾತ್ರ ಬದಲಾಯಿಸು. ಟರ್ಟಲ್ ಬೇಕು ಅಂತ ಇಂಪೋರ್ಟ್ ಮಾಡಿದಾಗ ಪೈಥಾನ್ ಮೊದಲು ಹುಡುಕೋದು ನಿನ್ನ ಫೋಲ್ಡರಲ್ಲೇ, ಅಲ್ಲಿ ನಿನ್ನ ಫೈಲೇ ಟರ್ಟಲ್ ಅಂತ ಸಿಕ್ಕಿಬಿಡ್ತು, ನಿಜವಾದ ಟರ್ಟಲ್ ಹತ್ರ ಅದು ಹೋಗ್ಲೇ ಇಲ್ಲ. ರ‍್ಯಾಂಡಮ್, ಮ್ಯಾಥ್ ಅಂತಾನೂ ಫೈಲಿಗೆ ಹೆಸರಿಡಬೇಡ. ಆಮೆ ಅಂತ ಕನ್ನಡದಲ್ಲೇ ಹೆಸರಿಟ್ಟು ಹಿಂದೆ ಡಾಟ್ ಪಿವೈ ಹಾಕಿದ್ರೂ ಓಡುತ್ತೆ. ಚೌಕ ಬಂದ್ಮೇಲೆ ಅದನ್ನ 100 ಸಲ ತಿರುಗೋ ಲೂಪಲ್ಲಿ ಹಾಕಿ, ಪ್ರತಿ ಸಲ ಗೆರೆಯ ಉದ್ದ ಸ್ವಲ್ಪ ಸ್ವಲ್ಪ ಹೆಚ್ಚಿಸ್ತಾ, 90ರ ಬದಲು 91 ಡಿಗ್ರಿ ತಿರುಗಿಸಿ ನೋಡು. ಏನು ಬಂತು ಅಂತ ಚಿತ್ರ ಕಳ್ಸು, ಮುಂದಿನ ತಿಂಗಳು ಇಲ್ಲೇ ಹಾಕ್ತೀವಿ.